ಕೆಂಪು ಸುತ್ತು ಹಾಕಿದ ಅಂಕಿ

ಫಲಿತಾಂಶ ಬರುವ ತಿಂಗಳುಗಳಲ್ಲಿ ದಾವಣಗೆರೆಯಲ್ಲಿ ಓದು, ವೃತ್ತಿಯ ಸಲಹೆಗಾರ್ತಿಯಾದ ನನ್ನ ಕೊಠಡಿಗೆ ಒಂದೇ ಮಾತು ಬೇರೆ ಬೇರೆ ಬಾಯಿಂದ ಬರುತ್ತದೆ. "ನೀಟ್‌ನಲ್ಲಿ ಸೀಟು ಸಿಗಲಿಲ್ಲ, ಪೌಷ್ಟಿಕಾಂಶದ ಕಡೆ ಹಾಕಿದೆವು. ಈಗ ಮುಂದೆ ಏನು ಓದಿಸುವುದು?" ಹಾಗೆ ಕೇಳುವವರಲ್ಲಿ ಹೆಚ್ಚಿನವರಿಗೆ ಆಹಾರತಜ್ಞೆ, ಆಹಾರ ತಂತ್ರಜ್ಞೆ, ಪೌಷ್ಟಿಕಾಂಶದ ಸಂಶೋಧಕಿ ಎಲ್ಲವೂ ಒಂದೇ. ಮೊದಲನೆಯವಳು ರೋಗಿಯ ಎದುರು ಕೂರುತ್ತಾಳೆ, ಎರಡನೆಯವಳು ಕಾರ್ಖಾನೆಯಲ್ಲಿ ನಿಲ್ಲುತ್ತಾಳೆ. ಮೂರನೆಯವಳು ಒಂದು ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಅದರ ಹಿಂದೆ ಅಲೆಯುತ್ತಾಳೆ. ಮೂರಕ್ಕೂ ಬೇಕಾದ ಸ್ವಭಾವ ಬೇರೆ ಬೇರೆ.

ಹಾಗೆ ಬಂದ ಒಬ್ಬ ಹುಡುಗಿಯ ಪ್ರಕರಣ ನನ್ನನ್ನು ಬಹಳ ದಿನ ಕಾಡಿದ್ದರಿಂದ ಬರೆಯುತ್ತಿದ್ದೇನೆ. ಅವಳ ಒಪ್ಪಿಗೆ ಪಡೆದಿದ್ದೇನೆ, ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ.

ತಂದೆಯದು ಮಂಡಕ್ಕಿ ಭಟ್ಟಿ. ಮಗಳು ಸಮುದಾಯ ವಿಜ್ಞಾನದಲ್ಲಿ (ಹಿಂದೆ ಗೃಹ ವಿಜ್ಞಾನ ಎನ್ನುತ್ತಿದ್ದದ್ದು) ನಾಲ್ಕು ವರ್ಷದ ಪದವಿ ಮುಗಿಸಿ, ಒಂದು ಆಸ್ಪತ್ರೆಯ ಆಹಾರ ವಿಭಾಗದಲ್ಲಿ ಮೂರು ತಿಂಗಳು ದುಡಿದು ಬಿಟ್ಟಿದ್ದಳು. ತಂದೆಗೆ ಅದೇ ಸಿಟ್ಟು. "ಮೇಡಂ, ಕೈಗೆ ಬಂದ ಕೆಲಸ ಬಿಟ್ಟು ಮತ್ತೆ ಎರಡು ವರ್ಷ ಓದುತ್ತೇನೆ ಅನ್ನುತ್ತಾಳೆ. ಅಡುಗೆಯ ವಿಷಯದಲ್ಲಿ ಸಂಶೋಧನೆ ಅಂದರೆ ಏನಿರುತ್ತದೆ?" ಎಂದರು. ಬಿಟ್ಟದ್ದೇಕೆ ಎಂದು ಕೇಳಿದೆ. ಸಕ್ಕರೆ ಕಾಯಿಲೆಯವರು ಯಾರೇ ಬರಲಿ, ಅಚ್ಚು ಮಾಡಿದ ಒಂದೇ ಚೀಟಿಯನ್ನು ಕೈಗಿಡಬೇಕಿತ್ತಂತೆ. ಹೊಸದುರ್ಗದ ಕಡೆಯಿಂದ ಬಂದ ಒಬ್ಬ ಅಜ್ಜಿ "ಇದರಲ್ಲಿ ಸಾಮೆ ಎಲ್ಲಿದೆಯವ್ವ?" ಎಂದು ಕೇಳಿದಾಗ ಇವಳ ಬಳಿ ಉತ್ತರವಿರಲಿಲ್ಲ.

ಕೆಲಸದ ಮೇಲಿನ ಬೇಸರವನ್ನು ಸಂಶೋಧನೆಯ ಆಸೆ ಎಂದು ತಿಳಿದು ಬರುವವರನ್ನು ನಾನು ಬಹಳ ಕಂಡಿದ್ದೇನೆ. ಹಾಗಾಗಿ ಮೊದಲೆರಡು ಭೇಟಿಯಲ್ಲಿ ಅವಳ ಮಾತನ್ನು ನಂಬಲಿಲ್ಲ. ಮೂರನೆಯ ಸಲ ಬರುವಾಗ ತನ್ನನ್ನು ಕಾಡುವ ಒಂದು ಪ್ರಶ್ನೆಯನ್ನು ಬರೆದು ತರಲು ಹೇಳಿದೆ.

ಅವಳು ತಂದದ್ದು ಹಳೆಯ ಗೋಡೆ ಕ್ಯಾಲೆಂಡರಿನ ಐದು ಹಾಳೆ. ಹಿಂಬದಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ದಿನಾಂಕ, ಏನು ತಿಂದದ್ದು, ಎಷ್ಟು ಪಾವು, ಎರಡು ಗಂಟೆಯ ನಂತರದ ಶುಗರ್. ಮನೆಯಲ್ಲಿರುವ ಅಜ್ಜಿಗೆ ಸಕ್ಕರೆ ಕಾಯಿಲೆ. "ಅನ್ನ ಭಾರ, ಮಂಡಕ್ಕಿ ಹಗುರ" ಎಂದು ಅಜ್ಜಿ ರಾತ್ರಿ ಮಂಡಕ್ಕಿ ತಿನ್ನುತ್ತಿದ್ದರು. ತೂಕಕ್ಕೆ ಹಗುರವಾದದ್ದು ರಕ್ತಕ್ಕೂ ಹಗುರವೇ ಎಂಬುದು ಇವಳ ಪ್ರಶ್ನೆ. ಅನ್ನದ ದಿನ 224, ನವಣೆ ಅನ್ನದ ದಿನ 168, ಮಂಡಕ್ಕಿಯ ದಿನ 231. ಕಾದ ಮರಳಿನಲ್ಲಿ ಅರಳಿದ ಅಕ್ಕಿಯ ಪಿಷ್ಟ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗ ಏರಿಸುತ್ತದೆ ಎಂದು ಓದಿದ್ದಳು. ಅಂಕಿಗಳೂ ಅದನ್ನೇ ಹೇಳುತ್ತಿದ್ದವು.

ಒಂದು ಕಡೆ ಮಾತ್ರ ಮಂಡಕ್ಕಿಯ ಎದುರು 154 ಎಂದಿತ್ತು. ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು.

"ಇದು ತಪ್ಪು ರೀಡಿಂಗ್ ಇರಬೇಕು, ಹೊಡೆದು ಹಾಕಲಿಲ್ಲವೇ?" ಎಂದೆ, ಬೇಕೆಂದೇ.

"ಇಲ್ಲ ಮೇಡಂ. ನಾನು ಅಂದುಕೊಂಡದ್ದಕ್ಕೆ ಹೊಂದದ ಅಂಕಿ ಇದೊಂದೇ. ಮರೆತುಬಿಟ್ಟೇನು ಎಂದು ಸುತ್ತು ಹಾಕಿದೆ."

ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ಶೇಂಗಾ?" ಎಂದು ಬರೆದಿದ್ದಳು. ಆ ರಾತ್ರಿ ಅಜ್ಜಿ ಮಂಡಕ್ಕಿಗೆ ಒಂದು ಹಿಡಿ ಹುರಿದ ಶೇಂಗಾ ಸೇರಿಸಿಕೊಂಡಿದ್ದರಂತೆ. ಅಲ್ಲಿಯವರೆಗೆ ಮುಖ ಬಿಗಿದು ಕುಳಿತಿದ್ದ ತಂದೆ, "ಶೇಂಗಾ ಇಲ್ಲದೆ ಮಂಡಕ್ಕಿ ಯಾರು ತಿನ್ನುತ್ತಾರೆ?" ಎಂದು ಹಾಳೆಯ ಕಡೆ ಬಗ್ಗಿದರು. ಮಗಳು ಮಂಡಕ್ಕಿ ಕೆಟ್ಟದ್ದೆಂದು ಬರೆದು ಮನೆಯ ಅನ್ನಕ್ಕೇ ಕಲ್ಲು ಹಾಕುತ್ತಾಳೆಂಬ ಭಯ ಅವರಿಗಿತ್ತೆಂದು ನನಗೆ ತಿಳಿದದ್ದು ಆಗಲೇ.

ಶೇಂಗಾದ ಕೊಬ್ಬು, ಪ್ರೋಟೀನು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸಿ ಸಕ್ಕರೆಯ ಏರಿಕೆಯನ್ನು ತಗ್ಗಿಸಬಲ್ಲವು, ನಿಜ. ಆದರೆ ಒಬ್ಬ ಅಜ್ಜಿಯ ಒಂದು ರಾತ್ರಿಯಿಂದ ಏನೂ ಸಾಬೀತಾಗುವುದಿಲ್ಲ ಎಂದು ಅವಳಿಗೆ ಖಡಾಖಂಡಿತವಾಗಿ ಹೇಳಿದೆ. ಮನೆಯ ಗ್ಲುಕೋಮೀಟರಿಗೆ 100ರ ಮೇಲಿನ ಅಂಕಿಗಳಲ್ಲಿ ಶೇ. 15ರಷ್ಟು ಹೆಚ್ಚುಕಡಿಮೆ ತೋರಿಸಲು ಮಾನದಂಡವೇ ಅವಕಾಶ ಕೊಡುತ್ತದೆ. ಒಂದು ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ತೋರಿಸುವ ಗ್ಲೈಸಿಮಿಕ್ ಸೂಚ್ಯಂಕವನ್ನು 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಮುಂದಿಟ್ಟರು. ಅದನ್ನು ಅಳೆಯಲು ಕನಿಷ್ಠ ಹತ್ತು ಆರೋಗ್ಯವಂತರು ಬೇಕು. ರಾತ್ರಿ ಉಪವಾಸವಿದ್ದವರಿಗೆ ಸಾಮಾನ್ಯವಾಗಿ 50 ಗ್ರಾಂ ಕಾರ್ಬೋಹೈಡ್ರೇಟ್ ಸಿಗುವಷ್ಟು ಆಹಾರ ಕೊಟ್ಟು ಎರಡು ಗಂಟೆ ಕಾಲ ಮತ್ತೆ ಮತ್ತೆ ರಕ್ತ ನೋಡಬೇಕು. ಅದಕ್ಕೂ ಮೊದಲು ನೈತಿಕ ಸಮಿತಿಯ ಅನುಮತಿ ಪಡೆಯಬೇಕು. ಅಜ್ಜಿಯ ಹಾಳೆಗಳನ್ನು ವೈದ್ಯರಿಗೆ ತೋರಿಸು, ಮಾತ್ರೆಯ ವಿಷಯದಲ್ಲಿ ನೀನು ಕೈ ಹಾಕಬೇಡ ಎಂದೂ ಎಚ್ಚರಿಸಿದೆ. ಅವಳು ಎಲ್ಲವನ್ನೂ ಬರೆದುಕೊಂಡಳು. ಮುಖ ಬಾಡಲಿಲ್ಲ, ಇನ್ನಷ್ಟು ಅರಳಿತು.

ಅಂದೇ ನಿರ್ಧರಿಸಿದೆ. ಸಂಶೋಧನಾ ಪ್ರಬಂಧಕ್ಕೆ ತೂಕವಿರುವ ಸ್ನಾತಕೋತ್ತರ ಪದವಿಯನ್ನೇ ಹಿಡಿ ಎಂದೆ. ಕೃಷಿ ವಿಶ್ವವಿದ್ಯಾಲಯಗಳ ಎಂ.ಎಸ್ಸಿ.ಯಲ್ಲಿ ಒಟ್ಟು 70 ಕ್ರೆಡಿಟ್‌ಗಳಲ್ಲಿ 30 ಪ್ರಬಂಧಕ್ಕೇ ಮೀಸಲು. ಧಾರವಾಡ, ಬೆಂಗಳೂರು ಎರಡೂ ಕಡೆ ಆಹಾರ ವಿಜ್ಞಾನ ಮತ್ತು ಪೋಷಣೆಯ ವಿಭಾಗಗಳಿವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಇದೆ. ಕೋರ್ಸಿನ ಹೆಸರು ನೋಡಿ ಮರುಳಾಗಬೇಡ, ಈಗ ಓದುತ್ತಿರುವ ಇಬ್ಬರನ್ನಾದರೂ ಮಾತನಾಡಿಸು, ಪ್ರಯೋಗಾಲಯದ ಉಪಕರಣ ನಡೆಯುತ್ತದೆಯೇ, ಮಾರ್ಗದರ್ಶಕರು ವಿದ್ಯಾರ್ಥಿಯ ಪುಟಗಳನ್ನು ಓದುತ್ತಾರೆಯೇ ಎಂದು ಕೇಳು ಎಂದೆ. ಈ ವರ್ಷ ಒಳ್ಳೆಯ ಕಡೆ ಸೀಟು ಸಿಗದಿದ್ದರೆ ಸಿಕ್ಕಿದ್ದಕ್ಕೆ ಸೇರಬೇಡ, ಒಂದು ವರ್ಷ ಯಾವುದಾದರೂ ಯೋಜನೆಯಲ್ಲಿ ಸಹಾಯಕಿಯಾಗಿ ದುಡಿ ಎಂದೂ ಹೇಳಿದೆ.

ಈ ಕೊನೆಯ ಮಾತಿಗೆ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಹೆಣ್ಣುಮಗಳನ್ನು ಒಂದು ವರ್ಷ ಮನೆಯಲ್ಲಿ ಕೂರಿಸಿದರೆ ಸಂಬಂಧಗಳು ಬಾಗಿಲಿಗೆ ಬರುತ್ತವೆ, ಓದು ಅಲ್ಲಿಗೇ ಮುಗಿಯುತ್ತದೆ ಎಂದರು. ಅವರ ಮಾತಿನಲ್ಲಿ ಹುರುಳಿದೆ. ಅದಕ್ಕೇ ತಂದೆಯನ್ನು ಬೇರೆಯಾಗಿ ಕೂರಿಸಿಕೊಂಡು, ಎರಡು ವರ್ಷ ಮದುವೆಯ ಮಾತು ಎತ್ತುವುದಿಲ್ಲವೆಂದು ಒಪ್ಪಿಸಿದೆ. ಇಂಥ ಒಪ್ಪಂದ ಸಲಹೆಗಾರ್ತಿಯ ಕೆಲಸವೇ ಎಂದು ಕೇಳುವವರಿಗೆ ನನ್ನ ಉತ್ತರ ಹೌದು. ಆಹಾರತಜ್ಞೆಯ ದಾರಿಯನ್ನು ನಾನು ಕೀಳಾಗಿ ಕಾಣುವುದಿಲ್ಲ, ಎಷ್ಟೋ ಮಕ್ಕಳನ್ನು ಆ ದಾರಿಗೇ ಕಳಿಸಿದ್ದೇನೆ. ಆದರೆ ತನ್ನ ಊಹೆಗೆ ಎದುರು ನಿಂತ ಅಂಕಿಗೆ ಸುತ್ತು ಹಾಕುವ ಕೈಗೆ ಅಚ್ಚಿನ ಚೀಟಿ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಓದಿನ ಕೊನೆಗೆ ಕೆಲಸ ಖಚಿತ ಎಂದು ಮಾತ್ರ ನಾನು ಅವರಿಬ್ಬರಿಗೂ ಹೇಳಲಿಲ್ಲ.

ಮೊದಲ ವರ್ಷ ಸೀಟು ಸಿಗಲಿಲ್ಲ. ಮರುವರ್ಷ ಸಿಕ್ಕಿತು. ಸಂಶೋಧನೆಗೆ ಕೊಟ್ಟ ವಿಷಯ ಮಂಡಕ್ಕಿಯಲ್ಲ, ಸಾಮೆ ಹಿಟ್ಟು ಎಷ್ಟು ದಿನಕ್ಕೆ ಕಮಟು ವಾಸನೆ ಹಿಡಿಯುತ್ತದೆ ಎಂಬುದು. ಹೀಗಾಗಬಹುದೆಂದು ಮೊದಲೇ ಹೇಳಿದ್ದೆ, ಆದರೂ ಫೋನಿನಲ್ಲಿ ಅವಳ ದನಿ ಸ್ವಲ್ಪ ಇಳಿದಿತ್ತು. ಅಜ್ಜಿಯ ಶುಗರನ್ನು ಈಗ ಕ್ಯಾಲೆಂಡರಿನ ಹಿಂದೆ ಬರೆಯುವವರು ತಂದೆ. ಏನು ತಿಂದರೆಂಬ ಕಾಲಮ್ಮನ್ನು ಅವರು ಖಾಲಿ ಬಿಡುತ್ತಾರಂತೆ, ವಾರಕ್ಕೊಮ್ಮೆ ಅಪ್ಪ ಮಗಳಿಗೆ ಫೋನಿನಲ್ಲಿ ಅದೇ ಜಗಳವಂತೆ.