ಓದುಗರ ಪ್ರಶ್ನೆ: ಒಟ್ಟಾವದ ಹೊರಬಡಾವಣೆಯಲ್ಲಿ ಬಿ ಫಾರಂ

ಪ್ರಶ್ನೆ: ಸಿರಾ ತಾಲ್ಲೂಕಿನವರಾದ ಚಂದ್ರ ಆರ್ಯ ಅವರು ಕೆನಡಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದ್ದನ್ನು ಕಂಡು ಹಿಗ್ಗಿದವರಲ್ಲಿ ನಾನೂ ಒಬ್ಬ. ಮೂರು ಸಲ ಗೆದ್ದ ಅವರಿಗೆ 2025ರಲ್ಲಿ ಟಿಕೆಟ್ ತಪ್ಪಿ, ಅದೇ ಕ್ಷೇತ್ರದಲ್ಲಿ ಪ್ರಧಾನಿಯೇ ನಿಂತರು. ಅಲ್ಲಿನ ಕನ್ನಡಿಗರು ಒಗ್ಗಟ್ಟಾಗಿದ್ದರೆ ಇದನ್ನು ತಡೆಯಬಹುದಿತ್ತಲ್ಲವೇ?
(ನಿವೃತ್ತ ಶಿಕ್ಷಕರು, ಬಳ್ಳಾರಿ)

ಉತ್ತರ: ತಡೆಯಲು ಆಗುತ್ತಿರಲಿಲ್ಲ. ಆರ್ಯ ಅವರು 2015, 2019 ಮತ್ತು 2021ರಲ್ಲಿ ಲಿಬರಲ್ ಪಕ್ಷದಿಂದ ಗೆದ್ದ ನೇಪಿಯನ್ ಕ್ಷೇತ್ರವು ರಾಜಧಾನಿ ಒಟ್ಟಾವದ ಹೊರಬಡಾವಣೆಗಳನ್ನು ಒಳಗೊಂಡದ್ದು. ಬಾರ್‌ಹೇವನ್‌ನಂತಹ ಅಲ್ಲಿನ ಹೊಸ ಬಡಾವಣೆಗಳಲ್ಲಿ ಚೀನೀಯರು, ಅರಬರು, ದಕ್ಷಿಣ ಏಷ್ಯಾದವರು ಮತ್ತು ತಲೆಮಾರುಗಳಿಂದ ಅಲ್ಲೇ ನೆಲೆಸಿದ ಇಂಗ್ಲಿಷ್, ಫ್ರೆಂಚ್ ಭಾಷಿಕರು ಅಕ್ಕಪಕ್ಕದ ಮನೆಗಳಲ್ಲಿರುತ್ತಾರೆ. ಇಂತಹ ಕಡೆ ಯಾವುದೇ ಒಂದು ಸಮುದಾಯದ ಮತಗಳನ್ನಷ್ಟೇ ಕೂಡಿಸಿ ಗೆಲ್ಲಲು ಆಗುವುದಿಲ್ಲ; ಕನ್ನಡಿಗರಂತೂ ಆ ಲೆಕ್ಕದಲ್ಲಿ ಬೆರಳೆಣಿಕೆಯವರು. 2022ರ ಮೇ ತಿಂಗಳಲ್ಲಿ ಆರ್ಯ ಅವರು ಮಾಡಿದ ಕನ್ನಡ ಭಾಷಣ ನಮಗೆ ಹಬ್ಬವಾಯಿತು, ಆದರೆ ಅವರನ್ನು ಮೂರು ಬಾರಿ ಗೆಲ್ಲಿಸಿದವರಲ್ಲಿ ಬಹುಪಾಲು ಜನರಿಗೆ ಅದರ ಒಂದು ಅಕ್ಷರವೂ ಅರ್ಥವಾಗಿರಲಾರದು.

ಆರ್ಯ ಅವರು ಟಿಕೆಟ್ ಕಳೆದುಕೊಂಡದ್ದು ಮತದಾರರ ಎದುರಿನಲ್ಲಲ್ಲ, ಪಕ್ಷದ ಒಳಗೆ. ಕೆನಡಾದಲ್ಲಿ ಅಭ್ಯರ್ಥಿಯ ಆಯ್ಕೆಗೆ ಆಯಾ ಕ್ಷೇತ್ರದ ಪಕ್ಷ ಸದಸ್ಯರು ಮತ ಹಾಕುವ ಪದ್ಧತಿ ಇದೆ. ಆದರೂ ಮತಪತ್ರದಲ್ಲಿ ಹೆಸರಿನ ಜೊತೆ ಪಕ್ಷದ ಹೆಸರು ಬರಬೇಕಾದರೆ ಪಕ್ಷದ ನಾಯಕರ ಅಥವಾ ಅವರು ನೇಮಿಸಿದವರ ಒಪ್ಪಿಗೆಪತ್ರ ಬೇಕೇ ಬೇಕು. ನಮ್ಮ ಬಿ ಫಾರಂ ಎಂದುಕೊಳ್ಳಿ. 2025ರ ಜನವರಿಯಲ್ಲಿ ಪಕ್ಷದ ನಾಯಕತ್ವಕ್ಕೇ ಸ್ಪರ್ಧಿಸಲು ಹೊರಟ ಆರ್ಯ ಅವರನ್ನು ಪಕ್ಷವು ಕಣಕ್ಕೆ ಬಿಡಲಿಲ್ಲ. ಮಾರ್ಚ್‌ನಲ್ಲಿ, ಚುನಾವಣೆ ಘೋಷಣೆಗೆ ಕೆಲವೇ ದಿನ ಇರುವಾಗ, ನೇಪಿಯನ್‌ನ ಟಿಕೆಟ್ಟನ್ನೂ ಹಿಂದಕ್ಕೆ ಪಡೆಯಿತು. ಭಾರತ ಸರ್ಕಾರದೊಂದಿಗೆ ಅವರ ಒಡನಾಟದ ಬಗ್ಗೆ ಅಲ್ಲಿನ ಪತ್ರಿಕೆಗಳಲ್ಲಿ ಬಂದ ಆಕ್ಷೇಪಗಳನ್ನು ಅವರು ಅಲ್ಲಗಳೆದರು. ಕಾರಣ ಏನೇ ಇರಲಿ, ಹತ್ತು ವರ್ಷದ ಸಂಸದರನ್ನು ಕೊನೆಯ ಗಳಿಗೆಯಲ್ಲಿ ಕೈಬಿಟ್ಟ ರೀತಿ ಆ ಕ್ಷೇತ್ರದ ಸದಸ್ಯರಿಗೆ ತೋರಿದ ಗೌರವವಲ್ಲ ಎಂದೇ ನನ್ನ ಅಭಿಪ್ರಾಯ.

ತೆರವಾದ ಜಾಗಕ್ಕೆ ಬಂದವರು ಮಾರ್ಕ್ ಕಾರ್ನಿ. ಮಾರ್ಚ್ 14ರಂದು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಅವರು ಸಂಸದರಾಗಿರಲೇ ಇಲ್ಲ, ಹಾಗಾಗಿ ಅವರಿಗೆ ಭದ್ರವಾದ ಕ್ಷೇತ್ರವೊಂದು ಬೇಕಿತ್ತು. ಏಪ್ರಿಲ್ 28ರಂದು ಅವರು ನೇಪಿಯನ್‌ನಲ್ಲಿ ಭಾರಿ ಅಂತರದಿಂದ ಗೆದ್ದರು, 343 ಸ್ಥಾನಗಳ ಸದನದಲ್ಲಿ ಅವರ ಪಕ್ಷ ಮಾತ್ರ ಬಹುಮತದ 172ಕ್ಕೆ ಸ್ವಲ್ಪದರಲ್ಲಿ ಮುಟ್ಟಲಿಲ್ಲ.

ದೊಡ್ಡ ನಾಯಕರು ಹೊರಗಿನಿಂದ ಬಂದು ನಿಲ್ಲುವುದು ಬಳ್ಳಾರಿಯವರಿಗೆ ಹೊಸತಲ್ಲ. 1999ರಲ್ಲಿ ಸೋನಿಯಾ ಗಾಂಧಿಯವರು ಇಲ್ಲಿ ನಿಂತಾಗ, ಎದುರಾಳಿ ಸುಷ್ಮಾ ಸ್ವರಾಜ್ ಅವರು ಕನ್ನಡ ಕಲಿತು ಭಾಷಣ ಮಾಡಿದ್ದನ್ನು ನೀವೇ ಕೇಳಿರಬಹುದು. ಸೋನಿಯಾ ಅವರು ಅಮೇಠಿಯಲ್ಲೂ ನಿಂತು ಎರಡೂ ಕಡೆ ಗೆದ್ದು, ಬಳ್ಳಾರಿಯನ್ನು ಬಿಟ್ಟುಕೊಟ್ಟರು. ನಮಗೆ ಉಪಚುನಾವಣೆ ಬಂತು. ಕೆನಡಾದ ಕಾನೂನು ಒಬ್ಬ ಅಭ್ಯರ್ಥಿಗೆ ಏಕಕಾಲಕ್ಕೆ ಒಂದೇ ಕ್ಷೇತ್ರ ಕೊಡುತ್ತದೆ. ಆ ಕಟ್ಟುಪಾಡಿನ ಬಿಸಿ ತಟ್ಟಿದ್ದು ನೇಪಿಯನ್‌ನ ಪಕ್ಕದ ಕಾರ್ಲ್‌ಟನ್‌ನಲ್ಲಿ. 2004ರಿಂದ ಒಂದೂ ಚುನಾವಣೆ ಸೋಲದಿದ್ದ ಕನ್ಸರ್ವೇಟಿವ್ ನಾಯಕ ಪಿಯರ್ ಪೊಲಿಯೆವ್ರ್ ಅವರನ್ನು ಲಿಬರಲ್ ಪಕ್ಷದ ಬ್ರೂಸ್ ಫ್ಯಾನ್‌ಜಾಯ್ ಅವರು 4 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಎಲ್ಲರ ಕಣ್ಣು ದೇಶದ ದೊಡ್ಡ ಸಭೆಗಳ ಮೇಲಿದ್ದಾಗ ಫ್ಯಾನ್‌ಜಾಯ್ ಅವರು ಎರಡು ವರ್ಷ ಮನೆಮನೆಯ ಬಾಗಿಲು ತಟ್ಟಿದ್ದರು. ಅಲ್ಲಿನ ಒಂದು ಕ್ಷೇತ್ರದ ಸರಾಸರಿ ಜನಸಂಖ್ಯೆ ಸುಮಾರು 1.2 ಲಕ್ಷ, ಅಂದರೆ ನಮ್ಮ ಒಂದು ವಿಧಾನಸಭಾ ಕ್ಷೇತ್ರಕ್ಕಿಂತಲೂ ಚಿಕ್ಕದು. 18 ಲಕ್ಷ ಮತದಾರರ ಬಳ್ಳಾರಿ ಲೋಕಸಭಾ ಕ್ಷೇತ್ರದಲ್ಲಿ ಅಭ್ಯರ್ಥಿಯೇ ಬಾಗಿಲು ತಟ್ಟುತ್ತಾ ಹೋದರೆ ಅವಧಿ ಮುಗಿದರೂ ಊರು ಮುಗಿಯುವುದಿಲ್ಲ.

ಪ್ರಶ್ನೆ: ಕಾರ್ಲ್‌ಟನ್‌ನ ಮತಪತ್ರ ಒಂದು ಮೀಟರ್ ಉದ್ದವಿತ್ತೆಂಬುದು ನಿಜವೇ?
(ಓದುಗರು, ಕೊಪ್ಪಳ)

ಉತ್ತರ: ಹೌದು, ಹೆಚ್ಚುಕಡಿಮೆ ಅಷ್ಟೇ ಉದ್ದ. ಅಲ್ಲಿ 91 ಅಭ್ಯರ್ಥಿಗಳಿದ್ದರು. ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯನ್ನು ವಿರೋಧಿಸುವ ಗುಂಪೊಂದು ಬೇಕೆಂದೇ ಹಾಗೆ ಮಾಡಿತು. ಕೆನಡಾದಲ್ಲಿ ಠೇವಣಿ ಇಲ್ಲ, ಸಾಮಾನ್ಯವಾಗಿ ಕ್ಷೇತ್ರದ 100 ಮತದಾರರ ಸಹಿ ಇದ್ದರೆ ಸಾಕು. ಮತ ಹಾಕುವುದು ಪೆನ್ಸಿಲ್ಲಿನಿಂದ, ಎಣಿಸುವುದು ಕೈಯಿಂದ. ಪೊಲಿಯೆವ್ರ್ ಅವರು ಸದನಕ್ಕೆ ಮರಳಲು ಆಲ್ಬರ್ಟಾ ಪ್ರಾಂತ್ಯದ ಸಂಸದರೊಬ್ಬರು ರಾಜೀನಾಮೆ ಕೊಟ್ಟು, ಆಗಸ್ಟ್ 18ರಂದು ಉಪಚುನಾವಣೆ ನಡೆದಾಗ ಅಭ್ಯರ್ಥಿಗಳು 214. ಅಲ್ಲಿ ಹೆಸರು ಮುದ್ರಿಸುವುದನ್ನೇ ಬಿಟ್ಟು, ಮತದಾರರೇ ಅಭ್ಯರ್ಥಿಯ ಹೆಸರು ಬರೆಯುವಂತಹ ಮತಪತ್ರ ಕೊಟ್ಟರು.

ಪ್ರಶ್ನೆ: ನನ್ನ ಮಗ ಒಟ್ಟಾವದಲ್ಲಿ ಖಾಯಂ ವಾಸದ ಪರವಾನಗಿ ಪಡೆದಿದ್ದಾನೆ. ಮುಂದಿನ ಚುನಾವಣೆಯಲ್ಲಿ ಅವನಿಗೆ ಮತ ಇದೆಯೇ?
(ತಾಯಿಯೊಬ್ಬರು, ಸಿಂಧನೂರು)

ಉತ್ತರ: ಇಲ್ಲ, ತಾಯಿ. 18 ವರ್ಷ ತುಂಬಿದ ಪೌರರಿಗೆ ಮಾತ್ರ ಅಲ್ಲಿ ಮತದ ಹಕ್ಕು. ಅರ್ಜಿ ಹಾಕುವ ಮೊದಲಿನ ಐದು ವರ್ಷಗಳಲ್ಲಿ 1,095 ದಿನ ಅಲ್ಲಿ ನೆಲೆಸಿದ್ದರೆ ಅವರು ಪೌರತ್ವ ಕೇಳಬಹುದು. ಆದರೆ ಅದು ಸಿಕ್ಕ ದಿನವೇ ಭಾರತದ ಪೌರತ್ವ ಹೋಗುತ್ತದೆ, ಸಾಗರೋತ್ತರ ಭಾರತೀಯರ ಕಾರ್ಡು ಇದ್ದರೂ ಸಿಂಧನೂರಿನಲ್ಲಿ ಮತ ಹಾಕಲು ಬರುವುದಿಲ್ಲ. ಇಷ್ಟರ ನಡುವೆ ಒಂದು ಬಾಗಿಲು ಮಾತ್ರ ತೆರೆದಿದೆ: ಲಿಬರಲ್, ಕನ್ಸರ್ವೇಟಿವ್ ಎರಡೂ ಪಕ್ಷಗಳು ಖಾಯಂ ನಿವಾಸಿಗಳನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತವೆ, 14 ವರ್ಷದವರನ್ನೂ ಸಹ. ಆದ್ದರಿಂದ ನಿಮ್ಮ ಮಗ ಸಂಸದರನ್ನು ಆರಿಸಲಾರದಿದ್ದರೂ, ಪಕ್ಷವು ಆಯ್ಕೆಗೆ ಸಭೆ ಕರೆದರೆ, ಅಭ್ಯರ್ಥಿಯನ್ನು ಆರಿಸಲು ಇಂದೇ ಮತ ಹಾಕಬಹುದು. ಸಭೆಯನ್ನೇ ಕರೆಯದೆ ನಾಯಕರು ಹೆಸರು ಘೋಷಿಸಿಬಿಟ್ಟರೆ ಆ ಮತವೂ ಉಳಿಯುವುದಿಲ್ಲ.