ತೊಂದ್ರೆ ಇದ್ದದ್ದು ಹಾಲಲ್ಲೇ

ಹಾಲು ಸಾಲುತ್ತಿಲ್ಲ ಅಂತ ಕೊರಗುವ ಬಾಣಂತಿ ಆಪ್ತಸಲಹೆಗೆ ನನ್ನ ಬಳಿ ಬಂದದ್ದು ಈ ವರ್ಷ ಇದು ಮೂರನೆಯದು. ಮೊದಲಿನ ಎರಡರಲ್ಲಿ ನನಗೆ ವಿಷಯ ಗೊತ್ತೇ ಆಗಿರಲಿಲ್ಲ ಅಂತ ಈಗ ಅನ್ನಿಸುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಲತಾ ಅಂತಿಟ್ಟುಕೊಳ್ಳಿ. ಬರೆಯಲು ಅವಳ ಒಪ್ಪಿಗೆ ಇದೆ.

ವಯಸ್ಸು 27, ಚೊಚ್ಚಲ ಮಗು. ತವರಲ್ಲಿ ಅಮ್ಮ ಇಲ್ಲ, ಹಾಗಾಗಿ ಬಾಣಂತನ ಅತ್ತೆ ಮನೆಯಲ್ಲೇ. ಮಗುವಿಗೆ ಎರಡೂವರೆ ತಿಂಗಳು ತುಂಬಿದಾಗ ಗಂಡ ಕರೆತಂದರು. "ಸುಮ್ ಸುಮ್ನೆ ಅಳ್ತಾಳೆ ಮೇಡಂ. ಹಾಲು ಸಾಲ್ತಿಲ್ಲ, ಅದೇ ಕೊರಗು ಇರ್ಬೇಕು" ಅಂದು ಹೊರಗೆ ಹೋಗಿ ಕೂತರು. ಬಾಣಂತಿಯರ ಖಿನ್ನತೆಗೆ ನಾವು ಬಳಸುವ ಎಡಿನ್‌ಬರೋ ಪಟ್ಟಿಯ 10 ಪ್ರಶ್ನೆ ಕೇಳಿದೆ. ಅಂಕ ಜಾಸ್ತಿನೇ ಬಂತು. ಮನೋವೈದ್ಯರಿಗೆ ತೋರಿಸಿದೆವು, ಸದ್ಯಕ್ಕೆ ಮಾತ್ರೆ ಬೇಡ, ಮಾತುಕತೆ ಮುಂದುವರಿಸಿ ಅಂದರು.

ಮೊದಲ ಎರಡು ಭೇಟಿಯಲ್ಲಿ ನಾನೂ ಊರವರೆಲ್ಲ ಕೇಳುವುದನ್ನೇ ಕೇಳಿದೆ. ದಿನಕ್ಕೆ ಎಷ್ಟು ಸಲ ಕುಡಿಸ್ತೀಯ, ಮಗು ಎಷ್ಟು ಸಲ ಬಟ್ಟೆ ಒದ್ದೆ ಮಾಡುತ್ತೆ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಿಂತಿದ್ದೀಯಾ. ನನ್ನ ನೋಟ್‌ಬುಕ್ಕಿನಲ್ಲಿ "ಹಾಲು ಕಡಿಮೆ?" ಅಂತ ಎರಡು ಸಲ ಬರೆದಿದೆ. ಈಗ ನೋಡಿದರೆ ನಾಚಿಕೆಯಾಗುತ್ತದೆ.

ಮೂರನೇ ಸಲ ತಾಯಿ ಕಾರ್ಡ್ ತರಲು ಹೇಳಿದ್ದೆ. ಬಟ್ಟೆ ಅಂಗಡಿಯ ಕವರಿನಲ್ಲಿ ಮಡಚಿಟ್ಟಿದ್ದಳು, ಮೂಲೆಯಲ್ಲಿ ಅರಿಶಿನದ ಬೆರಳಚ್ಚು. ಹುಟ್ಟಿದಾಗ 2.8 ಕೆಜಿ. ಒಂದೂವರೆ ತಿಂಗಳ ಲಸಿಕೆಗೆ ಹೋದಾಗ 3.8. ಆರು ವಾರದಲ್ಲಿ ಒಂದು ಕೆಜಿ ಏರಿದ ಮಗುವಿಗೆ ಹಾಲು ಸಾಲುತ್ತಿರಲಿಲ್ಲ ಅಂದರೆ ನಂಬುವುದು ಹೇಗೆ? ಎರಡೂವರೆ ತಿಂಗಳ ಲಸಿಕೆಗೆ ಮಾತ್ರ 4.1. ಅಲ್ಲಿ ಕುಂಟಿದೆ. ನಡುವೆ ಏನಾಯ್ತು ಅಂದೆ.

"ಡಬ್ಬಿ ಹಾಲು ಶುರು ಮಾಡಿದ್ವಿ ಮೇಡಂ."

"ಯಾಕಮ್ಮ?"

ಕಾರ್ಡನ್ನು ಮತ್ತೆ ಕವರಿಗೆ ತುರುಕುತ್ತಾ, "ನನ್ ತೊಂದ್ರೆ ಇರೋದು ಹಾಲಲ್ಲೇ ಮೇಡಂ" ಅಂದಳು.

"ಅದನ್ನೇ ಹೇಳ್ತಿದ್ದೀನಿ, ಕಾರ್ಡ್ ನೋಡಿದ್ರೆ ಹಾಲು ಚೆನ್ನಾಗೇ ಇತ್ತು."

"ಆ ಹಾಲಲ್ಲ ಮೇಡಂ. ಮನೆ ಹಾಲು. ಟೀವಿ ಇರೋ ಹಾಲು."

ಆಮೇಲೆ ಮುಕ್ಕಾಲು ಗಂಟೆ ಅವಳೇ ಮಾತಾಡಿದಳು, ನಾನು ಬಾಯಿ ಬಿಡಲಿಲ್ಲ. ಮನೆಯಲ್ಲಿರುವುದು ಒಂದು ಹಾಲು, ಅಡುಗೆಮನೆ, ಒಂದು ರೂಮು. ಹಾಲಲ್ಲಿ ಟೀವಿ, ಫ್ಯಾನು, ಊಟ, ರಿಟೈರ್ ಆದ ಮಾವ, ಪರೀಕ್ಷೆಗೆ ಓದುವ ಮೈದುನ, ಬಂದು ಹೋಗುವವರು. ಮಗು ಕುಂಯ್ ಅಂದರೆ ಸಾಕು, ಅತ್ತೆ "ಒಳಗೆ ಹೋಗಮ್ಮ" ಅನ್ನುತ್ತಿದ್ದರು. ಗದರಿ ಅಲ್ಲ, ಮೆತ್ತಗೇ. ದಿನಕ್ಕೆ ಹತ್ತು ಸಲ, ಒಂದೊಂದು ಸಲಕ್ಕೆ ಅರ್ಧ ಗಂಟೆ, ಲೆಕ್ಕ ಹಾಕಿ, ಐದು ಗಂಟೆ ಬಾಗಿಲು ಹಾಕಿದ ರೂಮು. ಬಾಣಂತಿಗೆ ಗಾಳಿ ಸೋಕಬಾರದು ಅಂತ ಕಿಟಕಿಯೂ ಮುಚ್ಚಿದೆ, ಪಕ್ಕದಲ್ಲಿ ಅಕ್ಕಿ ಮೂಟೆ. ಹೊರಗೆ ಎಲ್ಲರೂ ನಗುವುದು ಕೇಳಿಸುತ್ತದೆ, ಯಾಕೆ ನಕ್ಕರು ಅಂತ ಗೊತ್ತಾಗುವುದಿಲ್ಲ. ಅವಳ ತಟ್ಟೆ ಕೊನೆಗೆ ಒಳಗೇ ಬರುತ್ತಿತ್ತು.

ಒಂದು ದಿನ ಇವಳು ಎಣ್ಣೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಗು ಅತ್ತಿದೆ. ಮೈದುನ ಡಬ್ಬಿ ತಂದಿದ್ದಾನೆ, ಅತ್ತೆ ಕಲಸಿ, ಹಳೇ ಬೆಳ್ಳಿ ಒಳಲೆಯಲ್ಲಿ ಹಾಲಲ್ಲೇ ಕೂತು ಕುಡಿಸಿದ್ದಾರೆ. ಇವಳು ಬಂದು ಪಕ್ಕದಲ್ಲಿ ಕೂತಳು. ಯಾರೂ ಒಳಗೆ ಹೋಗು ಅನ್ನಲಿಲ್ಲ. "ಅವತ್ತು ಚಪಾತಿ ಬಿಸಿ ಇತ್ತು ಮೇಡಂ."

ಮಾರನೇ ದಿನವೇ ಹಾಲು ಸಾಲ್ತಿಲ್ಲ ಅಂದುಬಿಟ್ಟಳಂತೆ. "ಸುಳ್ಳು ಹೇಳ್ದೆ. ಹಾಲು ಸಾಲ್ತಿಲ್ಲ ಅಂದ್ರೆ ಪಾಪ ಅಂತಾರೆ. ಹಾಲಲ್ಲಿ ಎಲ್ರ ಜೊತೆ ಕೂತ್ಕೋಬೇಕು ಅಂದ್ರೆ ಏನಂತಾರೆ?" ಸುಳ್ಳು ನಿಜವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಮಗು ಚೀಪಿದಷ್ಟೂ ಹಾಲು ಬರುತ್ತದೆ, ಚೀಪುವುದು ಕಡಿಮೆಯಾದರೆ ಬತ್ತುತ್ತದೆ. ಜೊತೆಗೆ ಅತ್ತೆ, ಗಟ್ಟಿಯಾದರೆ ಮಗುವಿಗೆ ಅರಗುವುದಿಲ್ಲ ಅಂತ ಎರಡು ಚಮಚ ಹಾಕುವ ಕಡೆ ಒಂದು ಹಾಕುತ್ತಿದ್ದರು. 4.1 ಕೆಜಿಯ ಗುಟ್ಟು ಇದು. ಎಲ್ಲರೂ ಅಂದದ್ದು ಮಾತ್ರ "ಅವಳ ಹಾಲಲ್ಲಿ ಸತ್ವ ಇಲ್ಲ" ಅಂತ.

"ಡಬ್ಬಿ ಮೇಲೂ ತಾಯಿ ಹಾಲೇ ಒಳ್ಳೇದು ಅಂತ ಬರ್ದಿದೆ" ಅಂದಳು. "ರಾತ್ರಿ ನೀರು ಕಾಯಿಸ್ತಾ ಅದನ್ನೇ ಓದ್ತಿರ್ತೀನಿ. ಡಬ್ಬಿನೂ ಬೈತದೆ ಮೇಡಂ."

ಆ ಸಾಲು ಅಲ್ಲಿರುವುದು ಕಾನೂನಿನಿಂದ. 1992ರ ಕಾಯ್ದೆ, 2003ರಲ್ಲಿ ಇನ್ನೂ ಬಿಗಿಯಾಯಿತು. ಡಬ್ಬಿ ಹಾಲಿಗೆ ಜಾಹೀರಾತು ಕೊಡುವಂತಿಲ್ಲ, ಬಾಣಂತಿಯರಿಗೆ ಪುಕ್ಕಟೆ ಸ್ಯಾಂಪಲ್ ಹಂಚುವಂತಿಲ್ಲ. ನಾನು ಈ ಕಾನೂನಿನ ಪರ, ಅದರಲ್ಲಿ ಎರಡು ಮಾತಿಲ್ಲ. ಆರು ತಿಂಗಳು ಎದೆಹಾಲು ಮಾತ್ರ ಅನ್ನುವುದನ್ನೂ ಎಲ್ಲರಿಗೂ ಹೇಳುತ್ತೇನೆ. ಆದರೆ ಕಂಪನಿಗೆ ಮೂಗುದಾರ ಹಾಕಲು ಬರೆಸಿದ ಸಾಲನ್ನು ರಾತ್ರಿ ಎರಡು ಗಂಟೆಗೆ ಓದುತ್ತಾ ನಿಲ್ಲುವವಳು ಲತಾ, ಕಂಪನಿಯವರಲ್ಲ.

ಇನ್ನೊಂದು ಮಾತು. ತೆರೆದ ಜಾಗದಲ್ಲಿ ಹಾಲುಣಿಸುವ ವಿಷಯ ಬಂದಾಗಲೆಲ್ಲ ನಾವು ಬಸ್ ಸ್ಟ್ಯಾಂಡು, ಮಾಲು ಅಂತ ಮಾತಾಡುತ್ತೇವೆ. ಹಾಲುಣಿಸುವುದು ತಾಯಿಯ ಹಕ್ಕು, ಅದನ್ನು ಕಿತ್ತುಕೊಳ್ಳಲಾಗದು ಅಂತ ನಮ್ಮ ಹೈಕೋರ್ಟ್ 2021ರಲ್ಲೇ ಹೇಳಿದೆ. ಹೊರಗೆ ಹಾಲುಣಿಸುವವಳನ್ನು ಕಳಂಕದಂತೆ ನೋಡಬಾರದು, ಅದಕ್ಕೆ ಜಾಗ ಮಾಡಿಕೊಡಿ ಅಂತ 2025ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಒಳ್ಳೇದೇ. ಬಸ್ ಸ್ಟ್ಯಾಂಡಲ್ಲಿ ಕೊಠಡಿ ಬೇಕು, ಅದಕ್ಕೆ ಬೀಗ ಹಾಕದೆ ಇರುವುದೂ ಬೇಕು. ಆದರೆ ಲತಾಳ ಕಾಟವೇ ಕೊಠಡಿ. ನಮ್ಮಜ್ಜಿಯರು ಜಗಲಿ ಮೇಲೆ, ಸಂತೆಯಲ್ಲಿ, ಸೆರಗು ಎಳೆದುಕೊಂಡು ಕುಡಿಸುತ್ತಿದ್ದರು ಅಂತ ಹೇಳಿದರೆ ಹಳೇ ಕಾಲವನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ, ಅದೇ ಅಜ್ಜಿಯರಲ್ಲಿ ಎಷ್ಟೋ ಜನ ಗಿಣ್ಣು ಹಾಲು ಹಿಂಡಿ ಚೆಲ್ಲಿ ಕೂಸಿಗೆ ಸಕ್ಕರೆ ನೀರು ಕುಡಿಸಿದವರು.

ನಾನು ಲತಾಗೆ ಹೇಳಿದ್ದು ಹೀಗೆ. ಮಕ್ಕಳ ಡಾಕ್ಟರಿಗೆ ಈ ವಾರವೇ ತೋರಿಸು. ಡಬ್ಬಿ ಕೊಡುವುದಾದರೆ ಡಬ್ಬಿ ಮೇಲೆ ಬರೆದಷ್ಟೇ ಪುಡಿ, ಅಷ್ಟೇ ನೀರು. ಒಂದು ಚಮಚವೂ ಕಮ್ಮಿ ಬೇಡ. ಬಾಟ್ಲಿ ಬೇಡ, ತೊಳೆಯುವುದು ಕಷ್ಟ, ಒಳಲೆಯನ್ನೇ ಕುದಿಸಿ ಬಳಸು. ಹಗಲು ಆದಷ್ಟೂ ಎದೆಗೇ ಹಚ್ಚು, ಅದೂ ಹಾಲಲ್ಲಿ ಕೂತು. ರಾತ್ರಿ ಒಂದು ಸಲ ಗಂಡ ಡಬ್ಬಿ ಹಾಲು ಕುಡಿಸಲಿ, ನೀನು ನಾಲ್ಕು ಗಂಟೆ ಒಟ್ಟಿಗೆ ಮಲಗು.

ಈ ಕೊನೆಯ ಮಾತಿಗೆ ನನಗೆ ಬೈಗುಳ ಬಿದ್ದಿದೆ. ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯೇ ಜಾಸ್ತಿ, ಹಾಲು ಹೆಚ್ಚಿಸಬೇಕಾದವಳಿಗೆ ರಾತ್ರಿಯೇ ತಪ್ಪಿಸು ಅಂತೀರಲ್ಲ ಅಂತ ಸ್ತನ್ಯಪಾನ ಸಲಹೆ ಕೊಡುವ ಗೆಳತಿ ರೇಗಿದಳು. ಅವಳು ಹೇಳಿದ್ದು ಸರಿ. ನನಗೂ ಗೊತ್ತಿತ್ತು. ಆದರೆ ನನ್ನೆದುರು ಕೂತವಳು ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಮಗುವನ್ನು ಕಂಡರೆ ಸಿಟ್ಟು ಬರುತ್ತೆ ಅಂತ ಪಿಸುಮಾತಲ್ಲಿ ಹೇಳಿದ್ದಳು. ಡಾಕ್ಟರನ್ನು ಕೇಳಿಯೇ ಹೇಳಿದೆ. ನಾಳೆ ಇಂಥವಳು ಇನ್ನೊಬ್ಬಳು ಬಂದರೂ ಮೊದಲು ನಿದ್ದೆಯ ಬಗ್ಗೆಯೇ ಹೇಳುತ್ತೇನೆ.

ಮುಂದಿನ ವಾರ ಅತ್ತೆಯನ್ನು ಕರೆಸಿದೆ. ಲತಾ ಹೇಳಿದ ಸುಳ್ಳಿನ ವಿಷಯ ಎತ್ತಲಿಲ್ಲ, ಅದು ಅವಳದು. ಹಾಲಲ್ಲಿ ಕೂತು ಕುಡಿಸಲಿ ಅಂತಷ್ಟೇ ಅಂದೆ. "ಗಂಡಸ್ರು ಇರ್ತಾರಲ್ಲಮ್ಮಾ" ಅಂದರು. ಇರಲಿ, ಅವರೂ ಹಾಲು ಕುಡಿದೇ ದೊಡ್ಡವರಾದದ್ದು ಅಂದೆ. ನಗಲಿಲ್ಲ. ಚೀಲದ ಹಿಡಿಯನ್ನು ಹೊಸೆಯುತ್ತಾ ಕೂತಿದ್ದು, "ನಾನು ಕೊಟ್ಟಿಗೆ ಹಿಂದೆ ಕೂತು ಕುಡಿಸ್ದೆ, ಮೂರು ಮಕ್ಳಿಗೂ. ನಮ್ಮತ್ತೆ ಒಳಗೆ ಬಿಡ್ತಿರ್ಲಿಲ್ಲ. ಮಳೆಗಾಲದಲ್ಲಿ ಸೊಳ್ಳೆ" ಅಂದರು. ಅಷ್ಟೇ. ಮುಂದೆ ಹೇಳಲಿಲ್ಲ.

ಮೂರು ವಾರವಾದ ಮೇಲೆ ಲತಾ ಫೋನ್ ಮಾಡಿದ್ದಳು. ಹಾಲಿನ ಮೂಲೆಗೆ ಒಂದು ಕುರ್ಚಿ ಬಂದಿದೆಯಂತೆ, ಕಿಟಕಿ ಕಡೆ ತಿರುಗಿಸಿ. ಮಾವ ಹೇಳದೆಯೇ ಪೇಪರ್ ಹಿಡಿದು ಜಗಲಿಗೆ ಹೋಗುತ್ತಾರೆ, ಮೈದುನ ಅಲ್ಲೇ ಓದುತ್ತಾನೆ, ತಲೆ ಎತ್ತುವುದಿಲ್ಲ. ನೆಂಟರು ಬಂದರೆ ಈಗಲೂ ಒಳಗೇ ಹೋಗುತ್ತಾಳೆ. ಡಬ್ಬಿ ಇನ್ನೂ ಇದೆ, ರಾತ್ರಿಗೆ ಒಂದು ಸಲ. ಅತ್ತೆ ಚಮಚ ಎಣಿಸಿ ಇಡುತ್ತಾರಂತೆ, ಗಟ್ಟಿಯಾಗಿ, ಒಂದು, ಎರಡು ಅಂತ. ಮಗು 4.7 ಕೆಜಿ. ಅಳು ಪೂರ್ತಿ ನಿಂತಿಲ್ಲ, ನಾವಿನ್ನೂ ಭೇಟಿಯಾಗುತ್ತಿದ್ದೇವೆ.

ಮುಂದಿನ ಸಲ ಅತ್ತೆ ಒಬ್ಬರೇ ಬರುತ್ತೇನೆ ಅಂದಿದ್ದಾರಂತೆ. ಯಾಕೆ ಅಂತ ಲತಾ ಕೇಳಿಲ್ಲ, ನಾನೂ ಕೇಳಲಿಲ್ಲ. ಬುಧವಾರ ಹನ್ನೊಂದಕ್ಕೆ ಸಮಯ ಬರೆದಿಟ್ಟಿದ್ದೇನೆ.