ಸ್ಯಾಟ್ ಅಂಕ ಕಳುಹಿಸದೆ ಅಮೆರಿಕದ ಕಾಲೇಜಿಗೆ ಅರ್ಜಿ ಹಾಕಿದರೆ ತಪ್ಪು ತಿಳಿಯುತ್ತಾರೆಯೇ?

ಶಿವಮೊಗ್ಗದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ, ಅಮೆರಿಕದ ಕಾಲೇಜು ಪ್ರವೇಶಕ್ಕಾಗಿ ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ 1600ಕ್ಕೆ 1290 ಬಂದಿದೆ, ಅದನ್ನು ಕಳುಹಿಸದೆ ಅರ್ಜಿ ಹಾಕಿದರೆ ಏನನ್ನೋ ಮುಚ್ಚಿಡುತ್ತಿದ್ದೇನೆಂದು ಭಾವಿಸುತ್ತಾರೆಯೇ ಎಂದು ನೀವು ಕೇಳಿದ್ದೀರಿ. ಅಂಕ ಐಚ್ಛಿಕವೆಂದು ಹೇಳಿರುವ ಕಾಲೇಜಿನಲ್ಲಿ ಅದಕ್ಕಾಗಿ ನಿಮ್ಮನ್ನು ತಪ್ಪು ತಿಳಿಯುವುದಿಲ್ಲ. ಆದರೆ ಅಂಕ ಇರಬೇಕಾದ ಜಾಗವನ್ನು ಬೇರೇನಾದರೂ ತುಂಬಲೇಬೇಕು, ಮತ್ತು ಪಿಯುಸಿ ಓದಿದವರ ಅರ್ಜಿಯಲ್ಲಿ ಆ ಜಾಗ ತಾನಾಗಿ ತುಂಬಿಕೊಳ್ಳುವುದಿಲ್ಲ. ಇದನ್ನು ನಾನು ಕಲಿತದ್ದು ನನ್ನ ತಂಗಿಯ ಮಗನ ಅರ್ಜಿಗಳ ಜೊತೆ ಕುಳಿತಾಗ. ನಾನು ಹಲವು ವರ್ಷಗಳಿಂದ ನ್ಯೂಜೆರ್ಸಿಯಲ್ಲಿದ್ದೇನೆ, ಅವನು ಆಗ ದಾವಣಗೆರೆಯಲ್ಲಿ ಓದುತ್ತಿದ್ದ.

ಮೊದಲು ಒಂದು ಗೊಂದಲವನ್ನು ಪರಿಹರಿಸುತ್ತೇನೆ. 'ಟೆಸ್ಟ್ ಆಪ್ಷನಲ್' ಎಂದರೆ ಕಳುಹಿಸಿದರೆ ನೋಡುತ್ತಾರೆ, ಕಳುಹಿಸದಿದ್ದರೆ ಉಳಿದದ್ದನ್ನು ನೋಡಿ ತೀರ್ಮಾನಿಸುತ್ತಾರೆ ಎಂದರ್ಥ. ಇದು ಕೊರೊನಾ ಕಾಲದಲ್ಲಿ ಹುಟ್ಟಿದ್ದಲ್ಲ, ಮೇನ್ ರಾಜ್ಯದ ಬೋಡೊಯಿನ್ ಕಾಲೇಜು 1969ರಲ್ಲೇ ಈ ದಾರಿ ಹಿಡಿದಿತ್ತು. 2020ರಲ್ಲಿ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಬಹುತೇಕ ಎಲ್ಲ ಕಾಲೇಜುಗಳೂ ಅದನ್ನು ಅನುಸರಿಸಿದವು. 'ಟೆಸ್ಟ್ ಬ್ಲೈಂಡ್' ಎಂಬುದು ಬೇರೆಯೇ ವ್ಯವಸ್ಥೆ: ಬರ್ಕ್ಲಿ, ಲಾಸ್ ಏಂಜಲೀಸ್ ಸೇರಿದಂತೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯಾವ ಶಾಖೆಯೂ ಪ್ರವೇಶ ನಿರ್ಧರಿಸುವಾಗ ಸ್ಯಾಟ್ ಅಂಕವನ್ನು ನೋಡುವುದಿಲ್ಲ, ನೀವು 1600 ಪಡೆದಿದ್ದರೂ ನೋಡುವುದಿಲ್ಲ. ಮೂರನೆಯ ಗುಂಪು ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದವರದು. ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಬ್ರೌನ್ ಮತ್ತು ಹಾರ್ವರ್ಡ್ 2024ರಲ್ಲಿ ಹಿಂದಿನ ನಿಯಮಕ್ಕೆ ಮರಳಿದವು. ಯೇಲ್ ಕೂಡ ಅದೇ ವರ್ಷ ಅಂಕ ಬೇಕೆಂದಿತು, ಆದರೆ ಸ್ಯಾಟ್ ಬದಲಿಗೆ ಎಪಿ ಅಥವಾ ಐಬಿ ಎಂಬ ವಿಷಯವಾರು ಪರೀಕ್ಷೆಗಳ ಫಲಿತಾಂಶವನ್ನೂ ಒಪ್ಪುತ್ತದೆ. ಆದ್ದರಿಂದ ಹಳೆಯ ಪಟ್ಟಿಗಳನ್ನು ನಂಬಬೇಡಿ, ನೀವು ಸೇರಲಿರುವ ವರ್ಷದ ನಿಯಮವನ್ನು ಆಯಾ ಕಾಲೇಜಿನ ಪುಟದಲ್ಲೇ ಓದಿ.

ಈಗ ನಮ್ಮ ಹುಡುಗನ ವಿಷಯ. ಅವನು ಅರ್ಜಿ ಹಾಕಿದ್ದು 2023ರ ಕೊನೆಯಲ್ಲಿ, ಅವನ ಅಂಕ 1360. ಮೆಚ್ಚಿದ ಮೊದಲ ಕಾಲೇಜಿನಲ್ಲಿ ಸೇರಿದವರ ಅಂಕ ಸಾಮಾನ್ಯವಾಗಿ 1450ರ ಮೇಲಿದೆ ಎಂದು ತಿಳಿದ ದಿನವೇ ಅವನು ಕುಗ್ಗಿಹೋದ. ಅಂದಿನಿಂದ ಯಾವ ಕಾಲೇಜಿಗೂ ಅಂಕ ಕಳುಹಿಸುವುದಿಲ್ಲವೆಂದು ನಿರ್ಧರಿಸಿದ. ಅವನ ಪಟ್ಟಿಯಲ್ಲಿದ್ದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ 1360 ಎನ್ನುವುದು ಸರಾಸರಿಗಿಂತ ಚೆನ್ನಾಗಿಯೇ ಮೇಲಿತ್ತು. ಅಲ್ಲಿಗೂ ಕಳುಹಿಸಲಿಲ್ಲ, ನಾನೂ ತಡೆಯಲಿಲ್ಲ. ಇಂದಿಗೂ ನನ್ನನ್ನು ಕಾಡುವುದು ಅದೇ.

ಜನವರಿಯಲ್ಲಿ ಆ ವಿಶ್ವವಿದ್ಯಾಲಯದಿಂದ ಒಂದು ಮಿಂಚಂಚೆ ಬಂತು: ಹನ್ನೊಂದನೆಯ ತರಗತಿಯ ಅಂಕಪಟ್ಟಿ ತಲುಪಿಲ್ಲ. ಅವನ ಕಾಲೇಜು ಎಸ್ಸೆಸ್ಸೆಲ್ಸಿಯದನ್ನೂ ದ್ವಿತೀಯ ಪಿಯುಸಿಯ ಮಧ್ಯಂತರ ಪರೀಕ್ಷೆಯದನ್ನೂ ಕಳುಹಿಸಿ ಪ್ರಥಮ ಪಿಯುಸಿಯದನ್ನು ಬಿಟ್ಟಿತ್ತು. ಅಂಕಪಟ್ಟಿಯ ಫೋಟೊ ನನ್ನ ಮೊಬೈಲಿಗೆ ಬಂದಾಗ ಅಡುಗೆಮನೆಯ ಮೇಜಿನ ಮೇಲಿಟ್ಟು ದೊಡ್ಡದು ಮಾಡಿ ನೋಡಿದೆ. ಭೌತಶಾಸ್ತ್ರ, ನೂರಕ್ಕೆ 64. ಇಲ್ಲಿನ ಶಾಲೆಗಳಲ್ಲಿ 64 ಎಂದರೆ 'ಡಿ', ನಪಾಸಿನ ಅಂಚು. ಆದರೆ ಅವನ ಕಾಲೇಜಿನಲ್ಲಿ ಆ ವರ್ಷ ಭೌತಶಾಸ್ತ್ರದಲ್ಲಿ ಅತಿ ಹೆಚ್ಚು ಬಂದದ್ದು 71, ಏಕೆಂದರೆ ಅಲ್ಲಿನ ಉಪನ್ಯಾಸಕರು ಮೊದಲ ವರ್ಷ ಬಹಳ ಬಿಗಿಯಾಗಿ ಮೌಲ್ಯಮಾಪನ ಮಾಡುತ್ತಿದ್ದರು. ಇದನ್ನು ಹೇಳುವ ಒಂದೇ ಒಂದು ಸಾಲು ಅರ್ಜಿಯಲ್ಲಿ ಎಲ್ಲಿಯೂ ಇರಲಿಲ್ಲ. ಗಣಿತದಲ್ಲಿ 740 ತಂದುಕೊಟ್ಟಿದ್ದ ಸ್ಯಾಟ್ ಆ ಮಾತನ್ನು ಸ್ವಲ್ಪವಾದರೂ ಹೇಳುತ್ತಿತ್ತು, ಅದನ್ನೂ ನಾವೇ ತೆಗೆದಿಟ್ಟಿದ್ದೆವು.

ಕೊನೆಗೆ ಪ್ರಾಂಶುಪಾಲರನ್ನು ಕೇಳಿಕೊಂಡೆವು. ಅವರು ಒಂದು ಪುಟದ ಪತ್ರ ಬರೆದುಕೊಟ್ಟರು: ತರಗತಿಯಲ್ಲಿ ಎಷ್ಟು ಜನ, ಪ್ರತಿ ವಿಷಯದಲ್ಲಿ ಗರಿಷ್ಠ ಎಷ್ಟು, ನಮ್ಮ ರಾಜ್ಯದಲ್ಲಿ 600ಕ್ಕೆ 510 ಪಡೆದರೆ ಡಿಸ್ಟಿಂಕ್ಷನ್ ಎನ್ನುತ್ತಾರೆ, ಈ ಹುಡುಗನ ಸ್ಥಾನ ಎಷ್ಟನೆಯದು. ಇದನ್ನೇ ಇಲ್ಲಿ 'ಸ್ಕೂಲ್ ಪ್ರೊಫೈಲ್' ಎನ್ನುತ್ತಾರೆ. ಬೆಂಗಳೂರಿನ ಅಂತಾರಾಷ್ಟ್ರೀಯ ಶಾಲೆಗಳಲ್ಲಿ ಅದು ಮುದ್ರಿತವಾಗಿ ಸಿದ್ಧವಿರುತ್ತದೆ, ಊರಿನ ಪಿಯು ಕಾಲೇಜುಗಳಲ್ಲಿ ನಾವೇ ಕೇಳಿ ಬರೆಸಿಕೊಳ್ಳಬೇಕು. ಆ ಪತ್ರ ಫೆಬ್ರವರಿಯಲ್ಲಿ ತಲುಪಿತು. ರಾಜ್ಯ ವಿಶ್ವವಿದ್ಯಾಲಯ ಅವನನ್ನು ಕಾಯುವ ಪಟ್ಟಿಯಲ್ಲಿಟ್ಟಿತು, ಬೇರೊಂದು ಸಣ್ಣ ಕಾಲೇಜು ಸೇರಿಸಿಕೊಂಡಿತು, ಈಗ ಅಲ್ಲಿಯೇ ಚೆನ್ನಾಗಿ ಓದುತ್ತಿದ್ದಾನೆ.

ನಿಮ್ಮ 1290ರ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಎಲ್ಲ ಕಾಲೇಜಿಗೂ ಒಂದೇ ತೀರ್ಮಾನ ಬೇಡ. ಕಾಲೇಜುಗಳು ಪ್ರತಿ ವರ್ಷ ಪ್ರಕಟಿಸುವ 'ಕಾಮನ್ ಡೇಟಾ ಸೆಟ್' ಎಂಬ ದಾಖಲೆಯಲ್ಲಿ ಸಿ9 ಎಂಬ ಭಾಗವಿದೆ. ಸೇರಿದವರಲ್ಲಿ ಶೇಕಡಾ ಎಷ್ಟು ಮಂದಿ ಅಂಕ ಸಲ್ಲಿಸಿದ್ದರು, ಅವರಲ್ಲಿ ಮಧ್ಯದ ಅರ್ಧದಷ್ಟು ಮಂದಿಯ ಅಂಕ ಯಾವ ಮಿತಿಯಲ್ಲಿತ್ತು ಎಂಬುದು ಅಲ್ಲಿರುತ್ತದೆ. ಒಂದು ಎಚ್ಚರಿಕೆ: ಐಚ್ಛಿಕವಾದ ಮೇಲೆ ಕಡಿಮೆ ಅಂಕದವರು ಕಳುಹಿಸುವುದನ್ನೇ ನಿಲ್ಲಿಸಿದ್ದರಿಂದ ಆ ಮಿತಿ ಮೇಲಕ್ಕೆ ಏರಿದೆ, ಅದನ್ನು ನೋಡಿ ನಮ್ಮ ಹುಡುಗನಂತೆ ಹೆದರಬೇಡಿ. ಡಾರ್ಟ್‌ಮತ್ ತನ್ನ ನಿಯಮ ಬದಲಿಸುವ ಮೊದಲು ಅಲ್ಲಿನ ಪ್ರಾಧ್ಯಾಪಕರು ನಡೆಸಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ: ಅನುಕೂಲವಿಲ್ಲದ ಹಿನ್ನೆಲೆಯ ಮಕ್ಕಳು, ತಮಗೆ ನೆರವಾಗುತ್ತಿದ್ದ ಅಂಕವನ್ನೇ ಕಡಿಮೆಯೆಂದು ತಿಳಿದು ಕಳುಹಿಸದೆ ಬಿಟ್ಟಿದ್ದರು. ಪ್ರವೇಶ ಅಧಿಕಾರಿಗಳು ಅಂಕವನ್ನು ಒಂಟಿಯಾಗಿ ನೋಡುವುದಿಲ್ಲ, ಅದು ಎಂಥ ಶಾಲೆಯಿಂದ ಬಂದಿದೆ ಎಂಬುದರೊಡನೆ ಓದುತ್ತಾರೆ. ಕೋಚಿಂಗ್ ಇಲ್ಲದ ಊರಿನಿಂದ ಬಂದ 1290 ಕಾಲೇಜಿನ ಮಧ್ಯದ ಮಿತಿಯೊಳಗಿದ್ದರೆ, ಸ್ವಲ್ಪ ಕೆಳಗಿದ್ದರೂ ಕೂಡ, ನಾನಾದರೆ ಕಳುಹಿಸುತ್ತೇನೆ. ನೂರು ಅಂಕಕ್ಕಿಂತ ಹೆಚ್ಚು ಕೆಳಗಿದ್ದರೆ, ಪಿಯುಸಿ ಅಂಕಗಳು ಗಟ್ಟಿಯಾಗಿದ್ದರೆ, ಧೈರ್ಯವಾಗಿ ಬಿಡಿ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್ ತಾಣದಲ್ಲಿ ಕಾಲೇಜುವಾರು ಬೇರೆ ಬೇರೆ ತೀರ್ಮಾನ ತೆಗೆದುಕೊಳ್ಳಲು ಅವಕಾಶವಿದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹಾಕುವುದಾದರೆ ಈ ಲೆಕ್ಕವೇ ಬೇಡ. ಅಲ್ಲಿ ನಿಮ್ಮ ಅಂಕಪಟ್ಟಿಗಳೂ, ಎಂಟರಲ್ಲಿ ನಾಲ್ಕು ಪ್ರಶ್ನೆಗಳಿಗೆ ತಲಾ 350 ಪದಗಳ ಮಿತಿಯಲ್ಲಿ ನೀವು ಬರೆಯುವ ಉತ್ತರಗಳೂ ಮುಖ್ಯ. ಸ್ಯಾಟ್ ಬೇಡವೆಂದ ಮಾತ್ರಕ್ಕೆ ಇಂಗ್ಲಿಷ್ ಭಾಷಾ ಪರೀಕ್ಷೆಗಳಾದ ಟೋಫೆಲ್ ಅಥವಾ ಐಇಎಲ್‌ಟಿಎಸ್ ಬೇಡವೆಂದು ತಿಳಿಯಬೇಡಿ, ಅದರ ನಿಯಮವೇ ಬೇರೆ. ಕೆಲವೆಡೆ ಪ್ರವೇಶಕ್ಕೆ ಅಂಕ ಬೇಡದಿದ್ದರೂ ವಿದ್ಯಾರ್ಥಿವೇತನಕ್ಕೆ ಬೇಕಾಗುತ್ತದೆ, ಅದನ್ನೂ ವಿಚಾರಿಸಿ.

ಅಂಕ ಕಳುಹಿಸಿ, ಬಿಡಿ, ಈ ವಾರವೇ ಕಾಲೇಜಿಗೆ ಹೋಗಿ ಪ್ರಥಮ ಪಿಯುಸಿಯ ಅಂಕಪಟ್ಟಿಯ ದೃಢೀಕೃತ ಪ್ರತಿಯನ್ನು ಪಡೆದುಕೊಳ್ಳಿ, ಆ ಒಂದು ಪುಟದ ಪತ್ರಕ್ಕಾಗಿ ಪ್ರಾಂಶುಪಾಲರನ್ನು ಕೇಳಿ. ಪತ್ರದ ಮಾದರಿ ಬೇಕಿದ್ದರೆ ಇಲ್ಲಿಯೇ ಕೇಳಿ, ಹೆಸರುಗಳನ್ನು ತೆಗೆದು ನಮ್ಮದನ್ನು ಹಾಕುತ್ತೇನೆ.